ಕೊಟ್ರೇಶನ ಅಮಾವಾಸ್ಯೆ ಲೆಕ್ಕ

ಇದನ್ನು ಅವಸರದಲ್ಲಿ ಓದಬೇಡಿ… ಮನೆಯವರು ಪಕ್ಕದಲ್ಲಿದ್ದಾಗ ಓದಿ.

ದಾವಣಗೆರೆಯಲ್ಲಿ ಕೊಟ್ರೇಶ್ ಅಂತ ಒಬ್ಬ ಟೈಲ್ಸ್ ವ್ಯಾಪಾರಿ. ಮನೆಯಲ್ಲಿ ಹೆಂಡತಿ ಸುಮಂಗಲಾ, ಹೈಸ್ಕೂಲ್ ಓದುವ ಮಗಳು, ಮತ್ತೆ ತಾಯಿ ಹಾಲಮ್ಮ.

ಹಾಲಮ್ಮ ಒಂದು ಕಾಲಕ್ಕೆ ಸಂತೆಯಲ್ಲಿ ಸೇರಿನಿಂದ ಮಂಡಕ್ಕಿ ಅಳೆದು ಮಾರಿ ಮಗನನ್ನು ಸಾಕಿದವಳು. ಈಗ ಕಣ್ಣಿಗೆ ಪೊರೆ ಬಂದಿದೆ… ಕಿವಿ ಮಾತ್ರ ಬಲು ಚುರುಕು.

ಕೊಟ್ರೇಶನಿಗೆ ಒಂದು ಅಭ್ಯಾಸ. ಪ್ರತಿ ಅಮಾವಾಸ್ಯೆ ಅಂಗಡಿ ಪೂಜೆ ಮುಗಿಸಿ ಬಂದವನೇ ಮನೆಯ ನೆಟ್ ವರ್ತ್ ಲೆಕ್ಕ ಹಾಕುವುದು.

ದೊಡ್ಡ ವಿದ್ಯೆ ಏನಲ್ಲ. ಮನೆ, ಸೈಟು, ಬಂಗಾರ, ಅಂಗಡಿ ಮಾಲು, ಬ್ಯಾಂಕಿನ ದುಡ್ಡು ಎಲ್ಲ ಕೂಡಿಸು… ಕೊಡಬೇಕಾದ ಸಾಲ ಎಲ್ಲ ಕಳೆ… ಉಳಿದದ್ದೇ ನಿನ್ನ ನಿಜವಾದ ಆಸ್ತಿ.

ಲೆಕ್ಕ ಮುಗಿದ ಮೇಲೆ ಮೀಸೆ ತಿರುವಿ ಕೂಗುತ್ತಿದ್ದ. "ಸುಮಾ, ಇವತ್ತಿಗೆ ನಾವು ಎಂಬತ್ತು ಲಕ್ಷದ ಮಂದಿ ನೋಡು!"

ಸಾಲ ಮಾಡಿ ಎರಡನೇ ಶೋರೂಮ್ ಹಾಕಿದ ಮೇಲೆ ಆ ಕೂಗು ನಿಂತಿತು.

ಲೆಕ್ಕ ನಿಲ್ಲಲಿಲ್ಲ… ರೂಮಿನ ಬಾಗಿಲು ಹಾಕಿಕೊಂಡು ಒಬ್ಬನೇ ಮಾಡುತ್ತಿದ್ದ. ಹೊರಗೆ ಬಂದಾಗ ಮುಖ ಇಳಿದಿರುತ್ತಿತ್ತು. ಹೆಂಡತಿ ಕೇಳಿದರೆ, "ವ್ಯಾಪಾರ ಅಂದ್ಮೇಲೆ ಏರಿಳಿತ ಇದ್ದದ್ದೇ" ಎನ್ನುತ್ತಿದ್ದ.

ನಮ್ಮ ಗಂಡಸರಿಗೆ ಇದೊಂದು ರೋಗ. ದುಡ್ಡು ಬಂದರೆ ಊರಿಗೆಲ್ಲ ಡಂಗುರ… ಹೋದರೆ ಹೆಂಡತಿಗೂ ಗುಟ್ಟು.

ಹೀಗೇ ವರ್ಷ ಕಳೆಯಿತು.

ಒಂದು ಅಮಾವಾಸ್ಯೆ… ಕೊಟ್ರೇಶ್ ನಗುತ್ತಾ ರೂಮಿನಿಂದ ಹೊರಗೆ ಬಂದ.

ಮನೆಯವರಿಗೆ ಹೋದ ಜೀವ ಬಂದಂತಾಯಿತು. ಮಗಳ ಜಡೆ ಎಳೆದು ತಮಾಷೆ ಮಾಡಿದ. ಯಾವತ್ತೋ ಪಕ್ಕದ ಮನೆಯಿಂದ ತಂದಿದ್ದ ಏಣಿಯನ್ನು ತಾನೇ ಹೊತ್ತು ವಾಪಸ್ ಕೊಟ್ಟು ಬಂದ.

"ಏನ್ ಕೊಟ್ರೇಶಣ್ಣ, ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ್ನಪ್ಪಾ?" ಎಂದು ಪಕ್ಕದ ಮನೆಯವರು ನಕ್ಕರು. ಅವನೂ ನಕ್ಕ.

ಆಮೇಲೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. "ಬೀರು ಕೀ ಇಲ್ಲಿರುತ್ತೆ… ಕರೆಂಟ್ ಬಿಲ್ ಫೋನಲ್ಲಿ ಹಿಂಗೆ ಕಟ್ಟೋದು… ಇದು ಇನ್ಶೂರೆನ್ಸ್ ಏಜೆಂಟ್ ನಂಬರ್."

"ಇದೆಲ್ಲ ನಂಗ್ಯಾಕ್ರೀ ಈಗ?"

"ಸುಮ್ನೆ… ಗೊತ್ತಿರ್ಲಿ."

ಸುಮಂಗಲಾ ಅವನ ಮುಖವನ್ನೇ ನೋಡಿದಳು. ಆದರೆ ವರ್ಷದ ಮೇಲೆ ನಕ್ಕ ಗಂಡನನ್ನು ಏನಂತ ಕೇಳುವುದು?

ದೀಪ ಹಚ್ಚುವ ಹೊತ್ತು. ಕೊಟ್ರೇಶ್ ಬೈಕ್ ಕೀ ಹಿಡಿದು, ಬಾಗಿಲ ಬಳಿ ಕೂತಿದ್ದ ತಾಯಿಯ ಹತ್ತಿರ ಬಂದ.

"ಅವ್ವಾ, ನಿನ್ನ ಕಣ್ಣಿನ ಆಪರೇಷನ್ ಸುಮಾ ಮಾಡಿಸ್ತಾಳೆ."

"ಅವ್ಳ್ಯಾಕೆ? ನೀನೆಲ್ಲಿರ್ತಿ?"

ಚಪ್ಪಲಿ ಹಾಕಿಕೊಳ್ಳುವ ಸದ್ದಷ್ಟೇ ಕೇಳಿಸಿತು.

"ನಾನು ಹೋಗ್ತೀನಿ ಅವ್ವಾ."

ನಮ್ಮಲ್ಲಿ ಹೊಸ್ತಿಲು ದಾಟುವಾಗ ಯಾರೂ 'ಹೋಗ್ತೀನಿ' ಎನ್ನುವುದಿಲ್ಲ. 'ಹೋಗಿ ಬರ್ತೀನಿ' ಎನ್ನುತ್ತೇವೆ. ಸಾವಿನ ಮನೆಯಿಂದ ಏಳುವವರು ಮಾತ್ರ 'ಬರ್ತೀನಿ' ಎನ್ನದೆ ಹೋಗುತ್ತಾರೆ.

ಹಾಲಮ್ಮ ಕೈ ಚಾಚಿ ಮಗನ ಅಂಗಿ ಹಿಡಿದಳು. ಮುದುಕಿಯದು ಉಡದ ಪಟ್ಟು.

"ಏನಂದಿ…? ಕೂತ್ಕೋ ಇಲ್ಲಿ. ಇವತ್ತಿನ ಲೆಕ್ಕ ಹೇಳು. ಮೊದ್ಲು ಕೂಗಿ ಹೇಳ್ತಿದ್ದಿ, ಈಗ ಮೆಲ್ಲಗಾದ್ರೂ ಹೇಳು."

ಕೊಟ್ರೇಶ್ ಅಲ್ಲೇ ಕುಸಿದು ಕೂತ.

"ಮನೆ ಮಾರಿ, ಬಂಗಾರ ಮಾರಿ, ಅಂಗಡಿ ಖಾಲಿ ಮಾಡಿದ್ರೂ ಮೂವತ್ತು ಲಕ್ಷ ಮೈನಸ್ ಅವ್ವಾ… ಎಷ್ಟು ಸಲ ಕೂಡಿ ಕಳೆದ್ರೂ ಅಷ್ಟೇ. ಒಂದೇ ಒಂದು ದಾರೀಲಿ ಲೆಕ್ಕ ಪ್ಲಸ್ ಆಗುತ್ತೆ… ನಾನಿಲ್ಲ ಅಂದ್ರೆ. ಇನ್ಶೂರೆನ್ಸ್ ಬರುತ್ತೆ. ನಾನಿದ್ರೇನೇ ಈ ಮನೆಗೆ ನಷ್ಟ."

ಸುಮಂಗಲಾ ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ಅವನ ಮುಷ್ಟಿ ಬಿಡಿಸಿ, ಬೈಕ್ ಕೀ ತೆಗೆದು, ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಆ ದುಡ್ಡಿನ ಅನ್ನ ನಮ್ಮ ಗಂಟ್ಲಲ್ಲಿ ಇಳಿಯುತ್ತೆ ಅಂದ್ಕೊಂಡ್ರಾ?"

ಹಾಲಮ್ಮ ಅಂಗಿ ಬಿಟ್ಟಿರಲಿಲ್ಲ. "ನಾನು ಸಂತೆಲಿ ಮಂಡಕ್ಕಿ ಅಳೀವಾಗ ಮೊದಲನೇ ಸೇರಿಗೆ ಏನಂತಿದ್ದೆ ಹೇಳು?"

ಕೊಟ್ರೇಶ್ ಬಿಕ್ಕುತ್ತಾ ಹೇಳಿದ. "ಲಾಭ…"

"ಒಂದು ಅಂತಿದ್ನಾ?"

"ಇಲ್ಲವ್ವಾ… ಲಾಭ, ಎರಡು, ಮೂರು ಅಂತಿದ್ದಿ."

"ಮಂಡಕ್ಕಿ ಸಾಲದ್ದೇ. ನಿಮ್ಮಪ್ಪ ತೀರಿಕೊಂಡ ಮೇಲೆ ಮೊದಲ ಸಂತೆಗೆ ಕೂತಾಗ ಮೈಮೇಲಿನ ಸೀರೆನೂ ಸಾಲದ್ದೇ. ಆದ್ರೂ ಲಾಭ ಅಂತ್ಲೇ ಅಳೀತಿದ್ದೆ. ಯಾಕೆ ಗೊತ್ತೇನು? ಪಕ್ಕದಾಗೆ ನೀನು ಕೂತಿರ್ತಿದ್ದಿ. ನಿನ್ನ ಮುಖ ನೋಡ್ಕೊಂಡೇ ಹಂಗಂತಿದ್ದೆ ಕಣಪ್ಪಾ…"

ಮುದುಕಿ ತಡಕಾಡಿ ಮಗನ ನೆತ್ತಿಯ ಮೇಲೆ ಕೈಯಿಟ್ಟಳು. "ಲಾಭ…"

ಸೊಸೆಯ ಕೈ ಹಿಡಿದಳು. "ಎರಡು…"

ಗಾಬರಿಯಾಗಿ ಓಡಿ ಬಂದ ಮೊಮ್ಮಗಳನ್ನು ಎಳೆದುಕೊಂಡಳು. "ಮೂರು… ಈಗ ಸಾಲ ಹೇಳು. ಎಲ್ಲಾರೂ ಕೇಳ್ತೀವಿ."

ಕೊಟ್ರೇಶ್ ತಾಯಿಯ ಮಡಿಲಲ್ಲಿ ಮುಖವಿಟ್ಟು ಚಿಕ್ಕ ಮಗುವಿನಂತೆ ಅತ್ತ.

ಪವಾಡ ಏನೂ ಆಗಲಿಲ್ಲ. ಎರಡೂ ಶೋರೂಮ್ ಹೋದವು… ಮನೆಯೂ ಹೋಯಿತು. ಈಗ ಬಾಡಿಗೆ ಮನೆ, ಬೇರೆಯವರ ಅಂಗಡಿಯಲ್ಲಿ ಸಂಬಳ. ಹಾಲಮ್ಮನ ಕಣ್ಣಿನ ಆಪರೇಷನ್ನನ್ನು ಮಗನೇ ಮುಂದೆ ನಿಂತು ಮಾಡಿಸಿದ.

ಅಮಾವಾಸ್ಯೆ ಲೆಕ್ಕ ಈಗಲೂ ಇದೆ. ಬಾಗಿಲು ತೆರೆದಿಟ್ಟು, ನಾಲ್ಕೂ ಜನ ಕೂತು ಹಾಕುತ್ತಾರೆ. ಇನ್ನೂ ಮೈನಸ್ಸೇ… ಆದರೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಇಳಿಯುತ್ತಿದೆ.

ಸುಮಂಗಲಾ ಮಾತ್ರ ಇವತ್ತಿಗೂ ಬೆಳಿಗ್ಗೆ ಬೈಕ್ ಕೀ ಕೈಗೆ ಕೊಡುವುದಿಲ್ಲ… ಅವನು ಹೊಸ್ತಿಲಲ್ಲಿ ನಿಂತು 'ಹೋಗಿ ಬರ್ತೀನಿ' ಎನ್ನುವವರೆಗೆ.

ಮನೆಯ ಲೆಕ್ಕವನ್ನು ಮನೆಯವರೆಲ್ಲ ಕೂತು ಹಾಕಿ… ಬಾಗಿಲು ಹಾಕಿಕೊಂಡು ಒಬ್ಬರೇ ಹಾಕುವ ಲೆಕ್ಕದಲ್ಲಿ ಮನುಷ್ಯ ತನ್ನನ್ನೇ ಕಳೆದುಬಿಡುತ್ತಾನೆ.

ನಿಮ್ಮ ಮನೆಯಲ್ಲಿ ಬಹಳ ದಿನ ಸಪ್ಪಗಿದ್ದವರು ಯಾರಾದರೂ ಇವತ್ತು ಇದ್ದಕ್ಕಿದ್ದಂತೆ ನಗುತ್ತಿದ್ದಾರಾ…? ಯಾಕೆ ಎಂದು ಒಮ್ಮೆ ಕೇಳಿದಿರಾ?