ಅದೇ ದಾರಿ

ತಮ್ಮನ ಮಗಳ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವನ ಕೈ ಗಕ್ಕನೆ ನಿಂತಿತು.

"ದೊಡ್ಡಪ್ಪ, ಘಾಟಿ ಕೆಳಗಿನ ಲಾಡ್ಜಲ್ಲಿ 'ನೀನು ಮುಂದೆ ಹೋಗು' ಅಂತ ಅಪ್ಪನೇ ಅಂದ್ರಾ?"

ಇಪ್ಪತ್ತು ವರ್ಷಗಳ ಹಿಂದೆ ಅಣ್ಣತಮ್ಮಂದಿರಿಬ್ಬರೂ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಸೈಕಲ್ ತುಳಿಯಲು ಹೊರಟಿದ್ದರು. ತಮ್ಮ ಜ್ವರದಿಂದ ಆ ಲಾಡ್ಜಿನಲ್ಲೇ ತೀರಿಕೊಂಡ. ಅದು ತಿಳಿಯದೆ ಅಣ್ಣ ಸಮುದ್ರ ಮುಟ್ಟಿ ಚಪ್ಪಾಳೆ ಗಿಟ್ಟಿಸಿದ್ದ. ನಾಳೆ ಅದೇ ದಾರಿಯಲ್ಲಿ ಅವಳನ್ನು ಕರೆದೊಯ್ಯುವವನಿದ್ದ.

ತಮ್ಮನೇ ಹೋಗು ಅಂದ ಅಂತ ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದವನು ಪಂಪು ಕೆಳಗಿಟ್ಟ. "ಇಲ್ಲ ಕಣಮ್ಮ. ಎರಡು ದಿನ ನಿಲ್ಲಣ್ಣ ಅಂತ ಕೈ ಹಿಡ್ಕೊಂಡ. ನಾನೇ ಬಿಡಿಸ್ಕೊಂಡು ಹೊರಟೆ."

ಅವಳು ಮೆಲ್ಲಗೆ ಕೈ ಚಾಚಿದಳು.

"ನಕ್ಷೆ ಕೊಡಿ ದೊಡ್ಡಪ್ಪ. ನಾನೊಬ್ಬಳೇ ಹೋಗ್ತೀನಿ."