ಮೂರನೇ ಹಾಡಿನ ಹದಿನಾರು ಏಟು

ಸಿ.ಡಿ. ನಕಲಿ. ಅದರಲ್ಲಿ ರುದ್ರೇಶನಿಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಗೆಳೆಯ ಪ್ರಶಾಂತ್ ಗೊತ್ತಿದ್ದೂ ಅದನ್ನು ತನ್ನ ತಲೆಗೆ ಕಟ್ಟಿದನೋ, ಇಲ್ಲ ಅವನೂ ಮೋಸಹೋದನೋ, ಇವತ್ತು ತೀರ್ಮಾನವಾಗಬೇಕಾದದ್ದು ಅಷ್ಟೇ. ಮೊದಲನೆಯದಾದರೆ ಹದಿಮೂರು ವರ್ಷದ ಸ್ನೇಹಕ್ಕೆ ಎಳ್ಳುನೀರು ಬಿಟ್ಟು ಬರುವುದು. ಸ್ಕೂಟರಿನ ಡಿಕ್ಕಿಯಲ್ಲಿ ಸಿ.ಡಿ.ಯ ಜೊತೆ ಒಂದು ಹಳೆಯ ನೋಟ್‌ಬುಕ್ಕೂ ಇತ್ತು. ಅದೇ ಸಾಕ್ಷಿ.

ಇಂಗ್ಲೆಂಡಿನ 'ಗ್ರಿಮ್‌ಗೇಟ್' ಎಂಬ ತಂಡದ ಒಂದೇ ಒಂದು ಆಲ್ಬಂ, 'ವಿಂಟರ್ ಶಿಫ್ಟ್'. ಥ್ರ್ಯಾಶ್ ಮೆಟಲ್. ಗಿಟಾರು ಗರಗಸದ ಹಾಗೆ ಕೊಯ್ಯುವ, ಡ್ರಮ್ಮು ಬೆನ್ನಟ್ಟಿ ಹೊಡೆಯುವ ಸಂಗೀತ. ಅಮೆರಿಕದ ತಂಡಗಳ ಅಬ್ಬರದಲ್ಲಿ ಅದನ್ನು ಅವರ ದೇಶದಲ್ಲೇ ಯಾರೂ ಮೂಸಿ ನೋಡಲಿಲ್ಲವಂತೆ. ಚಿಕ್ಕಮಗಳೂರಿನ ಹಾಸ್ಟೆಲೊಂದರಲ್ಲಿ ಮಾತ್ರ, ೧೯೯೧ರಲ್ಲಿ, ಇಬ್ಬರು ಹುಡುಗರು ಅದರ ಕ್ಯಾಸೆಟ್ಟನ್ನು ಸವೆಯುವಷ್ಟು ಕೇಳಿದರು. ಪ್ರಶಾಂತ್ ಗಿಟಾರ್ ಹಿಡಿದ. ರುದ್ರೇಶ ಡ್ರಮ್ ಬಾರಿಸಿದ. ಪ್ರತಿ ಹಾಡಿನ ಪ್ರತಿ ಏಟನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಆಮೇಲೆ ಪ್ರಶಾಂತ್ ಕೊಟ್ಟಿಗೆಹಾರದ ಹತ್ತಿರದ ತೋಟಕ್ಕೆ ಹೋದ. ರುದ್ರೇಶ ಮೂಡಿಗೆರೆಯಲ್ಲಿ ಅಪ್ಪನ ಕಾಫಿ ಹಲ್ಲರ್ ಮಿಲ್ಲಿಗೆ ಬಂದು, ದಿನವಿಡೀ ಅಬ್ಬರಿಸುವ ಸಿಪ್ಪೆ ಬಿಡಿಸುವ ಮಷಿನ್ನಿನ ಪಕ್ಕ ನಿಂತ. ಕ್ಯಾಸೆಟ್ಟಿಗೆ ಮಳೆಗಾಲದ ಬೂಷ್ಟು ಹಿಡಿಯಿತು.

ಈಗ, ೨೦೦೪ರಲ್ಲಿ, ಪ್ರಶಾಂತ್ ಎಲ್ಲಿಂದಲೋ ಸಿ.ಡಿ. ತರಿಸಿ ಕೊಟ್ಟಿದ್ದ. ಹಾಕಿದರೆ, ಡ್ರಮ್ಮಿನ ಹಿತ್ತಾಳೆ ತಟ್ಟೆಗಳ ಸದ್ದೇ ಇಲ್ಲ! ಆಲ್ಬಮ್ಮಿನ ಜೀವವೇ ಅದು. ಹಾಡೆಲ್ಲ ಕಂಬಳಿ ಹೊದ್ದು ಮಲಗಿದ ಹಾಗಿತ್ತು. ಪ್ರಶಾಂತ್ ಮಾತ್ರ, "ಕ್ಯಾಸೆಟ್ಟಿಗಿಂತ ಚೊಕ್ಕಾಗಿದೆ ಮಾರಾಯ" ಎಂದು ವಾದಿಸಿದ್ದ. ಬೇಕರಿಯ ಮುಂದೆ ಮಾತಿಗೆ ಮಾತು ಬೆಳೆದು, ಹತ್ತು ಜನರೆದುರು ಒಂದು ಮಾತು ಎಸೆದಿದ್ದ.

"ನಿನ್ನ ಕಿವೀಲಿ ಮಿಲ್ಲಿನ ಹೊಟ್ಟು ತುಂಬಿದೆ ಕಣೋ!"

ಆ ಮಾತು ರುದ್ರೇಶನಿಗೆ ಇನ್ನೂ ಚುಚ್ಚುತ್ತಿತ್ತು. ಎಸ್ಟೇಟಿನವರ ಕೊಬ್ಬೇ ಇಷ್ಟು. ಅವರ ಕಾಯಿಯ ಸಿಪ್ಪೆ ಬಿಡಿಸಿಕೊಡುವವನಿಗೆ ಸಂಗೀತ ಎಲ್ಲಿ ತಿಳಿಯಬೇಕು!

ಹಾಗೆ ನೋಡಿದರೆ ಇತ್ತೀಚೆಗೆ ಯಾರಿಗೂ ಅವನನ್ನು ಕಂಡರೆ ಮರ್ಯಾದೆಯಿರಲಿಲ್ಲ. ಮಿಲ್ಲಿನ ಮಾರಯ್ಯ ಹಲ್ಲಿನ ಸಂದಿಯಲ್ಲೇ ಮಾತಾಡುತ್ತಾನೆ. ಇನ್ನೊಂದು ಸಲ ಹೇಳು ಅಂದರೆ ಪಕ್ಕದವನ ಮುಖ ನೋಡಿ ನಗುತ್ತಾನೆ. ಹೆಂಡತಿ ಭುವನಾ ಗೊಣಗುತ್ತಾಳೆ, ಇಲ್ಲವೇ ಕಿರುಚುತ್ತಾಳೆ. ನಡುವಿನ ದನಿಯೇ ಅವಳಿಗೆ ಮರೆತುಹೋಗಿದೆ. ಇವತ್ತು ಮಧ್ಯಾಹ್ನವೂ ಅದೇ ರಾಮಾಯಣ.

"ಅಲ್ಲೇ ಕೂತಿದ್ರಲ್ರೀ, ಕುಕ್ಕರ್ ಇಳಿಸ್ಬಾರದಾಗಿತ್ತಾ? ಅನ್ನ ಸೀದು ಕರಕಾಯ್ತು."

"ಮೊದ್ಲೇ ಹೇಳಿ ಹೋಗಿದ್ರೆ ಇಳಿಸ್ತಿದ್ದೆ."

ಭುವನಾ ಅವನನ್ನೇ ದಿಟ್ಟಿಸಿ ನೋಡಿ ಒಳಗೆ ಹೋಗಿದ್ದಳು. ಗಂಡನನ್ನು ಹಾಗೆ ನೋಡುವುದು ಯಾವ ಸೀಮೆಯ ಕ್ರಮ?

ಸಂಜೆಯ ರಸ್ತೆ ಬಿಕೋ ಎನ್ನುತ್ತಿತ್ತು. ಏಪ್ರಿಲ್ ಮುಗಿಯುತ್ತ ಬಂದಿತ್ತು, ಜೀರುಂಡೆಗಳ ಸುಗ್ಗಿ. ಆದರೆ ಈ ವರ್ಷ ಒಂದೂ ಕೂಗಿಲ್ಲ. ತೋಟದವರು ಔಷಧಿ ಹೊಡೆದು ಹೊಡೆದು ಕಾಡಿನ ಹುಳಹುಪ್ಪಟೆಯನ್ನೂ ಬಿಟ್ಟಿಲ್ಲ. ಹಾಳುಮಾಡುವುದರಲ್ಲಿ ನಿಸ್ಸೀಮರು ಎಂದು ಬೈದುಕೊಂಡು ರುದ್ರೇಶ ತೋಟದ ಗೇಟು ದಾಟಿದ.

ಪ್ರಶಾಂತ್ ಕೂರು ಅನ್ನಲಿಲ್ಲ. ರುದ್ರೇಶ ಕೂರಲೂ ಇಲ್ಲ. ಸಿ.ಡಿ.ಯನ್ನು ಮೇಜಿನ ಮೇಲೆ ಬಿಸಾಡಿದ.

"ಮೂರನೇ ಹಾಡು ಹಾಕು. ಎರಡನೇ ಚರಣ ಮುಗಿದ್ಮೇಲೆ ಎಲ್ಲಾ ನಿಲ್ಲುತ್ತೆ. ಆಮೇಲೆ ಸಣ್ಣ ತಟ್ಟೆ ಮೇಲೆ ಬರೀ ಹದಿನಾರು ಏಟು. ಇಲ್ಲಿ ಬರ್ದಿದೀನಿ. ಒಂದೇ ಒಂದು ಏಟು ತೋರ್ಸು, ಬೇಕರಿ ಮುಂದೆ ಎಲ್ಲರೆದುರು ನಿನ್ ಕಾಲು ಹಿಡೀತೀನಿ. ಇಲ್ದಿದ್ರೆ ನಿನ್ ಮುಖ ನನಗೆ ತೋರಿಸ್ಬೇಡ."

"ಆಯ್ತು" ಎಂದ ಪ್ರಶಾಂತ್.

ಹಾಡು ಶುರುವಾಯಿತು. ಗಿಟಾರು ಗುಡುಗಿತು. ಎರಡನೇ ಚರಣ ಮುಗಿದು ಎಲ್ಲವೂ ನಿಂತಿತು. ರುದ್ರೇಶ ಉಸಿರು ಬಿಗಿಹಿಡಿದ. ಏನೂ ಇಲ್ಲ. ಮತ್ತೆ ಗಿಟಾರೇ ನುಗ್ಗಿ ಬಂತು.

"ಎಲ್ಲಿ? ತೋರ್ಸು ಈಗ!" ಗೆದ್ದವನ ದನಿಯಲ್ಲಿ ಕೂಗಿದ.

ಪ್ರಶಾಂತ್ ಹಾಡು ನಿಲ್ಲಿಸಿದ. ಆ ಖಾಲಿ ಜಾಗದುದ್ದಕ್ಕೂ ಅವನ ಬೆರಳು ಮೇಜಿನ ಮೇಲೆ ಕುಣಿದದ್ದನ್ನು ರುದ್ರೇಶ ಕಂಡಿದ್ದ. ಸರಿಯಾಗಿ ಹದಿನಾರು ಸಲ.

"ನೆನಪಿಂದ ಬಡ್ದು ನನ್ನ ಮಂಗ ಮಾಡ್ತೀಯಾ? ಈ ನಾಟಕ ನನ್ನ ಹತ್ರ ಬೇಡ."

ಪ್ರಶಾಂತನ ಮುಖದ ಸಿಟ್ಟು ಇಳಿದಿತ್ತು. ಅವನೂ ಭುವನಾಳ ಹಾಗೆಯೇ ದಿಟ್ಟಿಸಿ ನೋಡುತ್ತಿದ್ದ. ರುದ್ರೇಶನಿಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಪ್ರಶಾಂತನ ಹೆಂಡತಿ ರೂಪಶ್ರೀ ಕಾಫಿ ಲೋಟ ಹಿಡಿದು ಬಂದಳು. ಅವಳೂ ಕಿರುಚಿಯೇ ಮಾತಾಡಿದಳು.

"ಜಗಳ ಆಮೇಲೆ ಆಡಿ ರುದ್ರೇಶಣ್ಣ. ರೀ, ಮೊದ್ಲು ಆ ಕಿಟಕಿ ಮುಚ್ರೀ. ಈ ಜೀರುಂಡೆ ಗಲಾಟೇಲಿ ಹಾಡು ಹಾಳಾಗ್ಲಿ, ಮನುಷ್ಯರ ಮಾತೇ ಕೇಳಲ್ಲ."

ಪ್ರಶಾಂತ್ ಎದ್ದು ಕಿಟಕಿಗೆ ಕೈಹಾಕಿದ.

"ತಡಿ" ಎಂದ ರುದ್ರೇಶ. ನೋಟ್‌ಬುಕ್ ಅವನ ಕೈಯಿಂದ ಜಾರಿತು. ಕಿಟಕಿಯ ಹತ್ತಿರ ಹೋಗಿ, ಸರಳಿಗೆ ಕೆನ್ನೆಯೊತ್ತಿ, ಕಣ್ಣು ಮುಚ್ಚಿ ಕಿವಿಗೊಟ್ಟ.

ಒಂದೇ ಒಂದು ಜೀರುಂಡೆಯೂ ಕೂಗುತ್ತಿರಲಿಲ್ಲ.