ದಾಟದವರ ಲೆಕ್ಕ

ಬೇಕಾಗಿದ್ದದ್ದು ಮುನ್ನೂರು. ಆದದ್ದು ಇನ್ನೂರ ಹದಿನೆಂಟು. ಕಡ್ಡಿ ಇನ್ನೊಂದು ಸಲ ಗೀಟುಗಳನ್ನು ಎಣಿಸಿದಳು. ಎಷ್ಟು ಸಲ ಎಣಿಸಿದರೂ ಗೀಟು ಮರಿ ಹಾಕುತ್ತದೆಯೇ? ಪೆನ್ನಿಗೆ ಟೋಪಿ ಹಾಕಿ ರಸ್ತೆಯನ್ನು ದುರುಗುಟ್ಟಿ ನೋಡಿದಳು. ಕಡ್ಡಿ ಎಂದು ಕಾಲೇಜಿನಲ್ಲಿ ಹೆಸರು ಬಿದ್ದದ್ದು ಅವಳು ತೆಳ್ಳಗಿದ್ದಾಳೆಂದಲ್ಲ, ಮಾತು ಕಡ್ಡಿ ಮುರಿದ ಹಾಗೆ ಇರುತ್ತದೆಂದು. ಸ್ವಯಂಸೇವೆಗೆ ಹೆಸರು ಕೊಡಿ ಎಂದಾಗ ಗೆಳತಿಯರೆಲ್ಲ ಗಿಡ ನೆಡಲು ಹೋಗಿ, ನೆಟ್ಟ ಗಿಡಕ್ಕಿಂತ ಹೆಚ್ಚು ಫೋಟೋ ತೆಗೆಸಿಕೊಂಡು ಬಂದಿದ್ದರು. ಇವಳು ಮಾತ್ರ "ಬಸ್ ಸ್ಟಾಪಿನ ರಸ್ತೆಗೆ ಸಿಗ್ನಲ್ ತರಿಸ್ತೀನಿ" ಎಂದು ನಗರಸಭೆಯ ಫಾರಂ ಹಿಡಿದುಕೊಂಡು ಇಲ್ಲಿ ಬಂದು ಕೂತಿದ್ದಳು. ಸಂಜೆ ನಾಲ್ಕರಿಂದ ಐದರೊಳಗೆ ಮುನ್ನೂರು ಜನ ರಸ್ತೆ ದಾಟಿದರೆ ಸಿಗ್ನಲ್ ಉಂಟು, ಇಲ್ಲದಿದ್ದರೆ ಇಲ್ಲ. ಎಣಿಸಲು ಕೊಟ್ಟದ್ದು ಮೂರು ದಿನ, ಒಂದು ದಿನ ಮುಟ್ಟಿದರೂ ಸಾಕು. ಎರಡು ಮುಗಿದಿದ್ದವು.

"ಎಷ್ಟಾಯ್ತಮ್ಮ?" ಗಡಿಯಾರ ರಿಪೇರಿ ತಾತ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಕೇಳಿದರು. ಅವಳು ಕೂತಿದ್ದ ಸ್ಟೂಲು ಅವರದು, ತಲೆಯ ಮೇಲಿನ ನೆರಳು ಅವರ ಅಂಗಡಿಯದು.

"ಇನ್ನೂ ಎಂಬತ್ತೆರಡು ಕಮ್ಮಿ, ತಾತ."

"ಅಷ್ಟೇ ತಾನೇ? ಬಸ್ ಸ್ಟಾಪಲ್ಲಿ ಹುಡುಗರು ಸುಮ್ನೆ ನಿಂತಿರ್ತಾರೆ. ನಾಲ್ಕು ಸಲ ಅತ್ತಿಂದಿತ್ತ ಓಡಾಡ್ರಪ್ಪಾ ಅಂತೀನಿ. ಮುನ್ನೂರಲ್ಲ, ನಾನೂರು ಆಗುತ್ತೆ."

"ಸುಳ್ಳು ಲೆಕ್ಕ ಬೇಡ ತಾತ. ಆಮೇಲೆ ಆ ಸಿಗ್ನಲ್ಲು ಕಣ್ಣು ಹೊಡೆದಾಗೆಲ್ಲ ನನ್ನನ್ನೇ ಅಣಕಿಸಿದ ಹಾಗಿರುತ್ತೆ. ಅಷ್ಟು ಕನಿಕರ ಇದ್ರೆ ನೀವೇ ಒಂದ್ಸಲ ದಾಟಿ. ಎರಡು ದಿನದಿಂದ ನೋಡ್ತಿದ್ದೀನಿ, ನಿಮ್ಮಿಂದ ನಂಗೆ ಒಂದು ಗೀಟೂ ಹುಟ್ಟಿಲ್ಲ."

ತಾತ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಎದುರು ಬದಿಯ ಟೈಲರ್ ಅಂಗಡಿಯತ್ತ ಕೈ ಎತ್ತಿದರು. ಅಲ್ಲಿ ಹೊಲಿಗೆ ಯಂತ್ರದ ಹಿಂದಿನಿಂದ, ಕುತ್ತಿಗೆಗೆ ಟೇಪು ನೇತುಹಾಕಿಕೊಂಡ ಇನ್ನೊಬ್ಬ ಮುದುಕ ಕೈ ಎತ್ತಿದ.

"ಮೂವತ್ತು ವರ್ಷ, ದಿನಾ ಸಂಜೆ ಅವನ ಅಂಗಡೀಲಿ ನಾವಿಬ್ರೂ ಚಹಾ ಕುಡೀತಿದ್ವಿ. ರಸ್ತೆ ಅಗಲ ಮಾಡಿದ್ರು ನೋಡು, ಅಲ್ಲಿಗೆ ಮುಗೀತು. ಓಡೋಕೆ ನನ್ನ ಮಂಡಿ ಬಿಡಲ್ಲ, ಅವನ ಕಿವಿಗೆ ಹಾರನ್ ಕೇಳಲ್ಲ. ಎರಡು ವರ್ಷದಿಂದ ಹಿಂಗೆ ಕೈ ಎತ್ತೋದೇ ನಮ್ಮ ಮಾತುಕತೆ. ಈಗಿನ ಕಾಲದಲ್ಲಿ ಚಹಾಗೋಸ್ಕರ ಪ್ರಾಣ ಕೊಡೋಕಾಗುತ್ತಾ?" ತಾತ ನಕ್ಕರು. "ನಾವು ನಿನ್ನ ಲೆಕ್ಕಕ್ಕೆ ಬರೋರಲ್ಲ, ಬಿಡಮ್ಮ."

ಕಡ್ಡಿಗೆ ನಾಚಿಕೆಯಾಯಿತು. ಎರಡು ದಿನ ದಾಟುವ ಕಾಲುಗಳನ್ನಷ್ಟೇ ನೋಡಿದ್ದಳು. ಪಕ್ಕದಲ್ಲೇ ಕೂತಿದ್ದ ಕಾಲುಗಳು ಕಂಡಿರಲಿಲ್ಲ.

ಮರುದಿನ ಸಂಜೆ ಬಂದವಳೇ ಸ್ಕೇಲಿಟ್ಟು ಫಾರಮ್ಮಿನ ಅಂಚಿನಲ್ಲಿ ಇನ್ನೊಂದು ಕಾಲಂ ಎಳೆದು, ಅದರ ತಲೆಯ ಮೇಲೆ ಬರೆದಳು: 'ದಾಟಲು ಬಂದು ಹಿಂದಕ್ಕೆ ಹೋದವರು'. ಆಮೇಲೆ ನೋಡಿದರೆ ರಸ್ತೆಯೇ ಬೇರೆ. ತರಕಾರಿ ಚೀಲದ ಹೆಂಗಸು ನಾಲ್ಕು ನಿಮಿಷ ನಿಂತು ವಾಪಸಾದಳು. ಕಂಕುಳಲ್ಲಿ ಮಗು ಎತ್ತಿಕೊಂಡವಳು ಎರಡು ಸಲ ರಸ್ತೆಗಿಳಿದು ಎರಡು ಸಲವೂ ವಾಪಸ್ ಹತ್ತಿದಳು, ಮೂರನೆಯ ಸಲ ಇಳಿಯಲೇ ಇಲ್ಲ. ಊರುಗೋಲಿನವನೊಬ್ಬ ಎದುರಿನ ಔಷಧಿ ಅಂಗಡಿಯ ಬೋರ್ಡು ಓದಿಕೊಂಡು ಹೋದ, ಅಷ್ಟೇ. ಕಡ್ಡಿಯ ಪೆನ್ನಿಗೆ ಬಿಡುವಿರಲಿಲ್ಲ. ಮೊದಲ ಗೀಟು ಮಾತ್ರ ಯಾರೂ ಬರುವ ಮೊದಲೇ ಎಳೆದದ್ದು. ಅದು ತಾತನದು.

ಐದಕ್ಕೆ ಹತ್ತು ನಿಮಿಷ ಇರುವಾಗ ನಗರಸಭೆಯ ಎಂಜಿನಿಯರ್ ಜೀಪಿನಿಂದ ಇಳಿದರು. ಫಾರಂ ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡರು.

"ಇನ್ನೂರ ಆರು. ಆಗಲಿಲ್ಲ ಬಿಡಮ್ಮ. ಇದೇನಿದು ಪಕ್ಕದಲ್ಲಿ, ತೊಂಬತ್ತೇಳು?"

"ದಾಟಕ್ಕಾಗದೆ ವಾಪಸ್ ಹೋದೋರು ಸಾರ್."

"ನಮ್ಮ ಫಾರಮ್ಮಲ್ಲಿ ಅಂಥ ಕಾಲಮ್ಮೇ ಇಲ್ಲವಲ್ಲ!"

"ಅದಕ್ಕೇ ಎಳೆದೆ ಸಾರ್. ದಾಟಿದೋರು ಹೇಗೋ ದಾಟಿದ್ರು. ಸಿಗ್ನಲ್ ಬೇಕಾಗಿರೋದು ಇವರಿಗೆ."

ಎಂಜಿನಿಯರ್ ಮುಗುಳ್ನಕ್ಕರು. ವಿದ್ಯಾರ್ಥಿಗಳ ಉತ್ಸಾಹ ಎಷ್ಟು ದಿನದ್ದೆಂದು ಬಲ್ಲವರ ನಗು ಅದು. "ನೋಡಮ್ಮ, ಇದೇನು ಸಮುದ್ರವೇ? ಮನಸ್ಸು ಮಾಡಿದ್ರೆ ಯಾರು ಬೇಕಾದ್ರೂ ದಾಟಬಹುದು."

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸಾರ್? ಹೋಗಿ ಬನ್ನಿ. ಎದುರಿಗೆ ಟೈಲರ್ ತಾತ ಇದ್ದಾರೆ, ಗಡಿಯಾರದೋರು ಕೇಳಿದ್ರು ಅಂತ ಹೇಳಿಬಿಡಿ."

ಎಂಜಿನಿಯರ್ ಫಾರಂ ಅವಳ ಕೈಗೆ ಕೊಟ್ಟು, ಪ್ಯಾಂಟು ತುಸು ಮೇಲೆಳೆದುಕೊಂಡು, ರಸ್ತೆಯ ಅಂಚಿಗೆ ಹೋದರು. ಒಂದು ಕಾಲು ಇಳಿಸಿದರು. ಲಾರಿಯೊಂದು ಗಾಳಿ ಎಬ್ಬಿಸಿ ಹೋಯಿತು, ಕಾಲು ಮೇಲೆ ಬಂತು. ಕೈ ಅಡ್ಡ ಹಿಡಿದು ಮತ್ತೆ ಇಳಿದರು. ಕೈಗೆ ಬೆಲೆ ಕೊಡುವ ಗಾಡಿ ಒಂದೂ ಬರಲಿಲ್ಲ, ಹಾರನ್ನುಗಳು ಮಾತ್ರ ಬಂದವು. ಎದುರಿನ ಟೈಲರ್ ತಾತ ಯಂತ್ರ ನಿಲ್ಲಿಸಿ ಎದ್ದು, ತನ್ನ ಕಡೆಗೇ ಬರಲು ನೋಡುತ್ತಿರುವ ಈ ಹೊಸಬ ಯಾರೆಂದು ಬಾಗಿಲಿಗೆ ಬಂದು ನಿಂತ. ಇತ್ತ ಗಡಿಯಾರದ ತಾತ ಗೋಡೆಯ ಮೇಲಿನ ಹತ್ತು ಗಡಿಯಾರಗಳಲ್ಲಿ ಸರಿಯಾಗಿ ನಡೆಯುವ ಒಂದನ್ನು ನೋಡುತ್ತಾ ಕೂತರು.

ಆರು ನಿಮಿಷದ ಮೇಲೆ ಎಂಜಿನಿಯರ್ ಹಣೆಯೊರೆಸಿಕೊಳ್ಳುತ್ತಾ ಸ್ಟೂಲಿನ ಬಳಿ ಬಂದು ನಿಂತರು. ಐದಕ್ಕೆ ಇನ್ನೂ ಒಂದು ನಿಮಿಷವಿತ್ತು. ಕಡ್ಡಿ ಪೆನ್ನಿನ ಟೋಪಿ ತೆಗೆದು, ಫಾರಂ ತೊಡೆಯ ಮೇಲಿಟ್ಟುಕೊಂಡು, ತುಂಬ ಮರ್ಯಾದೆಯಿಂದ ಕೇಳಿದಳು:

"ಸಾರ್, ನಿಮ್ಮನ್ನ ಯಾವ ಕಾಲಮ್ಮಿಗೆ ಹಾಕ್ಲಿ?"